ಮೊದಲು ಕೇಳೋದು ಮಗುವಿನ ಹೆಸರು

"ಮಗು ಹೆಸರೇನು?"

ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಹೊಸದಾಗಿ ಬಂದ ಅಮ್ಮನಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಎಷ್ಟೋ ಸಲ ಉತ್ತರ ಬರುವುದಿಲ್ಲ. ಹೆಸರೇ ಇಟ್ಟಿರುವುದಿಲ್ಲ. ಮಗುವಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇದ್ದು ಬೆಳವಣಿಗೆಯನ್ನು ನಿಧಾನ ಮಾಡುವ ಸ್ಥಿತಿ) ಎಂದು ಗೊತ್ತಾದ ದಿನವೇ ತೊಟ್ಟಿಲು ಶಾಸ್ತ್ರ ಮುಂದಕ್ಕೆ ಹೋಗಿರುತ್ತದೆ. "ನೋಡೋಣ, ಸ್ವಲ್ಪ ಸುಧಾರಿಸಲಿ" ಅಂದಿರುತ್ತಾರೆ ಹಿರಿಯರು. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಐದು ತಿಂಗಳು ತುಂಬುವ ತನಕ ನನ್ನ ಮಗಳು ಬರೀ ಪಾಪು.

ಅವಳು ಹುಟ್ಟಿದ್ದು 2007ರಲ್ಲಿ, ಶಿವಮೊಗ್ಗದಲ್ಲಿ. ಆಸ್ಪತ್ರೆಯವರು ನನಗೆ ಏನೂ ಹೇಳಲಿಲ್ಲ. ನನ್ನ ಗಂಡನನ್ನು ಕಾರಿಡಾರಿಗೆ ಕರೆದು ಹೇಳಿದರು. ಅವರು ನನಗೆ ಬಾಯಿ ಬಿಟ್ಟಿದ್ದು ನಾಲ್ಕು ದಿನದ ಮೇಲೆ. ಆಮೇಲೆ ನೋಡಲು ಬಂದವರದ್ದೆಲ್ಲ ವಿಚಾರಣೆ. ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದೆಯಾ? ಪಪ್ಪಾಯಿ ತಿಂದಿದ್ದೆಯಾ? ನಿಮ್ಮ ತವರಲ್ಲಿ ಯಾರಿಗಾದರೂ ಹೀಗಿತ್ತಾ?

ನನಗೆ ಆಗ ಬೇಕಿದ್ದದ್ದು ಇಂಥದ್ದೇ ಮಗು ಇರುವ ಇನ್ನೊಬ್ಬ ಹೆಂಗಸು. ಸಿಕ್ಕಿದ್ದು ಮೂರು ವರ್ಷ ಕಳೆದ ಮೇಲೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, ಸರದಿಗೆ ಕಾಯುವ ಬೆಂಚಿನ ಮೇಲೆ. ಹಾಸನದ ಕಡೆಯವರು. ಅವರ ಮಗನಿಗೆ ಆರು ವರ್ಷ. ಪಕ್ಕದಲ್ಲಿ ಕೂತು ಚಕ್ಕುಲಿ ಕಡಿಯುತ್ತಿದ್ದ. ನನ್ನ ಮಗಳು ಆಗಿನ್ನೂ ಗಂಜಿ ಬಿಟ್ಟು ಏನೂ ನುಂಗುತ್ತಿರಲಿಲ್ಲ. ಆ ಕಟುಕುಟು ಸದ್ದು ಕೇಳಿ ಬಂದ ಧೈರ್ಯ ಯಾವ ಡಾಕ್ಟರ ಮಾತಿಂದಲೂ ಬಂದಿರಲಿಲ್ಲ.

2015ರಲ್ಲಿ ನಾವಿಬ್ಬರೇ ಸೇರಿ ಗುಂಪು ಶುರು ಮಾಡಿದೆವು. ಆಗ ಆರು ಮನೆ. ಈಗ ಇನ್ನೂರು ಚಿಲ್ಲರೆ. ಬೀದರಿನಿಂದ ಚಾಮರಾಜನಗರದ ತನಕ ಇದ್ದಾರೆ, ದುಬೈಯಲ್ಲಿ ಇಬ್ಬರು.

ಮೊದಲ ವರ್ಷ ನಾವು ಮಾಡಿದ್ದೆಲ್ಲ ತಪ್ಪೇ. ಒಬ್ಬರು ಮಗ ಓಡಾಡುವ ವಿಡಿಯೋ ಹಾಕಿ, "ಒಂದೂವರೆ ವರ್ಷಕ್ಕೇ ನಡೆದ" ಎಂದು ಬರೆದರು. ನಾವೆಲ್ಲ ಚಪ್ಪಾಳೆ ಒತ್ತಿದೆವು. ಅವತ್ತೇ ರಾತ್ರಿ ಒಬ್ಬ ತಾಯಿ ಗುಂಪು ಬಿಟ್ಟು ಹೋದಳು. ಅವಳ ಮಗುವಿಗೆ ಮೂರು ವರ್ಷ, ಇನ್ನೂ ನಿಂತಿರಲಿಲ್ಲ. ಈ ಮಕ್ಕಳ ಸ್ನಾಯು ಸಡಿಲ. ಒಂದೂವರೆಗೆ ನಡೆಯುವವರೂ ಇದ್ದಾರೆ, ನಾಲ್ಕಕ್ಕೆ ನಡೆಯುವವರೂ ಇದ್ದಾರೆ. ಆಮೇಲೆ ಒಂದು ನಿಯಮ ಮಾಡಿದೆವು. ವಿಡಿಯೋ ಹಾಕಿ, ವಯಸ್ಸು ಬರೆಯಬೇಡಿ. ಹೊಸಬರಿಗೆ ಇದು ವಿಚಿತ್ರ ಅನಿಸುತ್ತದೆ. ನಾನು ವಿವರಿಸಲು ಹೋಗುವುದಿಲ್ಲ.

ಇನ್ನೊಂದು ನಿಯಮಕ್ಕೆ ನನಗೆ ಬೈಗುಳವೂ ಬಿದ್ದಿದೆ. "ವಾಸಿ ಮಾಡುತ್ತೇವೆ" ಎನ್ನುವ ಮೆಸೇಜ್ ಹಾಕಿದವರನ್ನು ಕೇಳದೆ ತೆಗೆಯುತ್ತೇನೆ. ಸ್ಟೆಮ್ ಸೆಲ್, ಅಂದರೆ ಹೊಸ ಜೀವಕೋಶ ಹುಟ್ಟಿಸಬಲ್ಲ ಮೂಲಕೋಶ, ಹಾಕಿಸಲು ಒಬ್ಬರು ಬಳೆ ಅಡ ಇಟ್ಟಿದ್ದರು. ಈ ಮಕ್ಕಳಿಗೆ 21ನೇ ಕ್ರೋಮೋಸೋಮಿನ ಪ್ರತಿ ಎರಡರ ಬದಲು ಮೂರು ಇರುತ್ತದೆ. ಜೀವಕೋಶದಲ್ಲೇ ಇರುವ ಆ ಮೂರನೇ ಪ್ರತಿಯನ್ನು ಯಾವ ಇಂಜೆಕ್ಷನ್ ಹೊರಗೆ ಹಾಕುತ್ತದೆ? ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಸ್ಟೆಮ್ ಸೆಲ್ ಇನ್ನೂ ಪ್ರಯೋಗದಲ್ಲೇ ಇದೆ ಎಂದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಅದನ್ನು ಕನ್ನಡದಲ್ಲಿ ಓದಿ ಆಡಿಯೋ ಮಾಡಿ ಇಟ್ಟಿದ್ದೇನೆ. ಬೇಕಾದಾಗ ಅದನ್ನೇ ಕಳಿಸುತ್ತೇನೆ.

ಆಡಿಯೋ ಅಂದೆ ಅಲ್ವಾ? ನಮ್ಮದು ಬರೆಯುವ ಗುಂಪೇ ಅಲ್ಲ. ಟೈಪ್ ಮಾಡಲು ಬಾರದವರು ಅರ್ಧದಷ್ಟಿದ್ದಾರೆ. ಬಂದರೂ ಇಂಥ ವಿಷಯ ಬೆರಳಲ್ಲಿ ಬರುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ, ಪಿಸುದನಿಯಲ್ಲಿ ಬರುತ್ತವೆ ಸಂದೇಶಗಳು. ಕೆಲವದರಲ್ಲಿ ಮಾತೇ ಇರುವುದಿಲ್ಲ, ಬರೀ ಮೂಗು ಸೀಟುವ ಸದ್ದು. ಅದಕ್ಕೂ ಯಾರಾದರೂ ಒಬ್ಬರು "ಕೇಳಿಸ್ತಮ್ಮಾ" ಅನ್ನಬೇಕು. ಸರದಿ ಹಾಕಿಕೊಂಡಿದ್ದೇವೆ.

ಹೆಸರು ಕೇಳಿದ ಮೇಲೆ ಎರಡನೇ ಪ್ರಶ್ನೆ: ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಯ್ತಾ? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ನೋಡಲು ಮಗು ಚೆನ್ನಾಗೇ ಕಾಣಬಹುದು. ದೊಡ್ಡ ತೂತಿದ್ದರೆ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರುತ್ತಾ ಹೋಗುತ್ತದೆ. ಒಂದು ಹಂತ ದಾಟಿದರೆ ಆಪರೇಷನ್ ಮಾಡುವ ಹಾಗೇ ಇಲ್ಲ. ಹಾಗಾಗಿ ಎಕೋ ಹುಟ್ಟಿದ ಮೊದಲ ವಾರಗಳಲ್ಲೇ ಆಗಬೇಕು. ನನ್ನ ಮಗಳಿಗೆ ಮಾಡಿಸಿದ್ದು ಏಳನೇ ತಿಂಗಳಲ್ಲಿ. ಸಣ್ಣ ತೂತು, ತಾನೇ ಮುಚ್ಚಿಕೊಂಡಿತು. ಅದೃಷ್ಟ, ಇನ್ನೇನಲ್ಲ. ಥೈರಾಯ್ಡ್, ಕಿವಿ, ಕಣ್ಣು ಆಮೇಲಿನವು. ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ದಾರಿ ತೋರಿಸಿಬಿಡುತ್ತೇವೆ.

ಡಾಕ್ಟರು ಕೇಳದ ಒಂದು ವಿಷಯವನ್ನು ನಾವು ಕೇಳುತ್ತೇವೆ. ಮಗುವಿಗೆ ನೀರು ಹಾಕುವವರು ಯಾರು? ಎಣ್ಣೆ ಹಚ್ಚಿ, ಕೈಕಾಲು ಎಳೆದು, ಕಾಲು ಹಿಡಿದು ತಲೆಕೆಳಗೆ ಎತ್ತಿ ಕೊಡವುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಈ ಮಕ್ಕಳಲ್ಲಿ ಕತ್ತಿನ ಮೇಲ್ಗಡೆಯ ಎರಡು ಮೂಳೆಗಳ ಹಿಡಿತ ಸಡಿಲ ಇರಬಹುದು. ಕೊಡವಬಾರದು. ಸೊಸೆ ಹೇಳಿದರೆ ಅಜ್ಜಿ ಕೇಳುವುದಿಲ್ಲ. ಅದಕ್ಕೆ ಗುಂಪಿನಲ್ಲೇ ಒಬ್ಬ ಅಜ್ಜಿ ಇದ್ದಾರೆ, ಧಾರವಾಡದವರು. ಅವರಿಂದ ಫೋನ್ ಮಾಡಿಸುತ್ತೇವೆ. ಅಜ್ಜಿಗೆ ಅಜ್ಜಿ ಹೇಳಿದರೆ ನಡೆಯುತ್ತದೆ.

"ಸೊಸೆ ಕಡೆಯ ರಕ್ತ" ಎನ್ನುವ ಮಾತಿಗೆ ನಮ್ಮ ಹತ್ತಿರ ಇರುವ ಉತ್ತರ ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮ್ ಎಣಿಸಿ ನೋಡುವ ಪರೀಕ್ಷೆಯ ರಿಪೋರ್ಟ್. ಅದರಲ್ಲಿ 47 ಎಂದಿದ್ದು 21 ಒಂದು ಜಾಸ್ತಿ ಎಂದಿದ್ದರೆ, ಅದು ಯಾರ ಮನೆಯ ರಕ್ತವೂ ಅಲ್ಲ. ಕೋಶ ಒಡೆದು ಎರಡಾಗುವಾಗ ಆದ ಎಡವಟ್ಟು. ನೂರಕ್ಕೆ ತೊಂಬತ್ತೈದು ಹೀಗೇ. 46 ಎಂದಿದ್ದು ಟ್ರಾನ್ಸ್‌ಲೊಕೇಶನ್ (ಜಾಸ್ತಿ ಇರುವ 21 ಬೇರೊಂದು ಕ್ರೋಮೋಸೋಮಿಗೆ ಅಂಟಿಕೊಂಡಿದೆ) ಎಂದು ಬರೆದಿದ್ದರೆ ಮಾತ್ರ ಅಪ್ಪ ಅಮ್ಮ ಇಬ್ಬರೂ ಪರೀಕ್ಷೆ ಮಾಡಿಸಬೇಕು, ಮುಂದಿನ ಮಗುವಿನ ದೃಷ್ಟಿಯಿಂದ. ಆ ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ದೇವರ ಮನೆಯಲ್ಲಿ ಇಟ್ಟ ಸೊಸೆಯೊಬ್ಬಳು ನಮ್ಮಲ್ಲಿದ್ದಾಳೆ.

ಅಪ್ಪಂದಿರು? ಇದ್ದಾರೆ, ನೀಲಿ ಟಿಕ್ ಬೀಳುತ್ತದೆ ಅಷ್ಟೇ. ಅವರನ್ನು ಮಾತಾಡಿಸಲು ನಾನು ಪಟ್ಟ ಪಾಡೆಲ್ಲ ದಂಡ. ಕೊನೆಗೆ ಕಾಗದಪತ್ರದ ಕೆಲಸ ವಹಿಸಿದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ವರ್ಷಕ್ಕೆ ಒಂದು ಲಕ್ಷದ ತನಕ ಸಿಗುವ ನಿರಾಮಯ ವಿಮೆ, ಇಂಥ ಮಕ್ಕಳಿರುವವರಿಗೆ ಸಿಗುವ ತೆರಿಗೆ ರಿಯಾಯಿತಿ. ಈಗ ಯಾರಾದರೂ ಫಾರ್ಮ್ ಬಗ್ಗೆ ಕೇಳಿದರೆ ಐದು ಜನ ಅಪ್ಪಂದಿರು ಒಟ್ಟಿಗೆ ಎದ್ದು ಬರುತ್ತಾರೆ.

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಅವತ್ತು ಎರಡು ಕಾಲಿಗೆ ಎರಡು ಬಗೆಯ ಸಾಕ್ಸ್ ಹಾಕುವುದು ಹೊರದೇಶದವರ ರೂಢಿ. ಬಳ್ಳಾರಿ ಬಿಸಿಲಲ್ಲಿ ಸಾಕ್ಸ್ ಯಾರು ಹಾಕ್ತಾರೆ? ನಮ್ಮವರು ಎರಡು ಕೈಗೆ ಎರಡು ಬಣ್ಣದ ಬಳೆ ಹಾಕಿ ಫೋಟೋ ಕಳಿಸುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಂದು ವಿಷಯ ನನಗೆ ಹೊಳೆದದ್ದು ಬಹಳ ತಡವಾಗಿ. ಇದು ನಮ್ಮ, ಅಂದರೆ ಅಪ್ಪ ಅಮ್ಮಂದಿರ ಗುಂಪು. ಮಕ್ಕಳ ಬಗ್ಗೆ ಮಾತು, ಮಕ್ಕಳದ್ದೇ ಒಂದು ಮಾತಿಲ್ಲ. ಹೇಳಿದ್ದು ನನ್ನ ಮಗಳೇ. 18 ತುಂಬಿದಾಗ ಜಿಲ್ಲಾಧಿಕಾರಿಗಳ ಸಮಿತಿಗೆ ಪೋಷಕತ್ವದ ಅರ್ಜಿ ತುಂಬುತ್ತಿದ್ದೆವು. ಪಕ್ಕದಲ್ಲಿ ನಿಂತು, "ನನ್ ಸೈನ್ ಎಲ್ಲಿ?" ಅಂದಳು. ನನಗೂ ಅವಳಪ್ಪನಿಗೂ ಮಾತು ಹೊರಡಲಿಲ್ಲ.

ಈಗ ಭಾನುವಾರ ಸಂಜೆ ದೊಡ್ಡ ಮಕ್ಕಳದ್ದೇ ವಿಡಿಯೋ ಕಾಲ್ ಇದೆ. ಹನ್ನೊಂದು ಜನ. ಮೊದಮೊದಲು ಅಮ್ಮಂದಿರು ಪಕ್ಕ ಕೂತು "ನಮಸ್ಕಾರ ಹೇಳು, ಊಟ ಆಯ್ತಾ ಕೇಳು" ಎಂದು ತಿವಿಯುತ್ತಿದ್ದೆವು. ಅವರ ಮಾತು ನಮಗೆ ಅರ್ಧ ತಿಳಿಯುವುದಿಲ್ಲ. ಅವರಿಗೆ ಒಬ್ಬರದ್ದೊಬ್ಬರಿಗೆ ಪೂರ್ತಿ ತಿಳಿಯುತ್ತದೆ. ಹುಬ್ಬಳ್ಳಿಯಲ್ಲಿ ಅಪ್ಪನ ಜೆರಾಕ್ಸ್ ಅಂಗಡಿ ನೋಡಿಕೊಳ್ಳುವ ಹುಡುಗನೊಬ್ಬ ಗಿರಾಕಿಗಳ ನಕಲು ಮಾಡಿ ಎಲ್ಲರನ್ನೂ ನಗಿಸುತ್ತಾನಂತೆ. ಅಂತೆ ಯಾಕೆಂದರೆ, ಎರಡು ತಿಂಗಳಿಂದ ಮಗಳು ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊರಗೆ ನನಗೆ ನಗು ಮಾತ್ರ ಕೇಳಿಸುತ್ತದೆ.

ಹೋದ ವಾರ ಕೇಳಿದೆ, "ಏನ್ ಮಾತಾಡಿದ್ರಿ?"

"ಹೇಳಲ್ಲ."