ಆ ಸಿಟ್ಟು ಯಾರದು? ಮೋಡಾಕ್ ಫೋಟೋಗಳಿಗೆ ಅಡಿಬರಹ ಬರೆದ ಕಥೆ

ಫೋಟೋ ಹುಚ್ಚಿನ ಗೆಳೆಯರಿಗೆ ತೋರಿಸೋಣ ಅಂತ, ಲೂಯಿಸ್ ಹೆಲ್ಲರ್ 1873ರಲ್ಲಿ ತೆಗೆದ, ಅಮೆರಿಕದ ಮೂಲನಿವಾಸಿಗಳಾದ ಮೋಡಾಕ್ ಬುಡಕಟ್ಟಿನ ಕೈದಿಗಳ ಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯಲು ಕೂತೆ. ಕ್ಯಾಲಿಫೋರ್ನಿಯಾ-ಆರೆಗಾನ್ ಗಡಿಯ ಲಾವಾ ಬಂಡೆಗಳ ನಡುವೆ, ಐವತ್ತು ಚಿಲ್ಲರೆ ಮೋಡಾಕ್ ಹೋರಾಟಗಾರರು ಅಮೆರಿಕದ ಸೈನ್ಯವನ್ನು ತಿಂಗಳುಗಟ್ಟಲೆ ತಡೆದಿದ್ದರು. ಅವರ ನಾಯಕ ಕ್ಯಾಪ್ಟನ್ ಜ್ಯಾಕ್. ಆತನ ಚಿತ್ರಕ್ಕೆ ಮೊದಲು 'ಉರಿಗಣ್ಣಿನ ನಾಯಕ' ಅಂತ ಬರೆದೆ. ಆಮೇಲೆ ಅನುಮಾನ ಬಂತು. ಆ ಸಿಟ್ಟು ಆತನದೋ, ಗಾಜಿನದೋ?

ಆಗಿನದು ಒದ್ದೆ ಕೊಲೋಡಿಯನ್ ಪದ್ಧತಿ. ಗಾಜಿಗೆ ಮದ್ದು ಬಳಿದು, ಅದು ಆರುವ ಮೊದಲೇ ಫೋಟೋ ತೆಗೆದು ತೊಳೆಯಬೇಕು. ಆ ಮದ್ದಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಕಂದು ಮೈಬಣ್ಣ ಇನ್ನೂ ಕಪ್ಪಾಗುತ್ತದೆ, ಸುಕ್ಕು ಎದ್ದು ಕಾಣುತ್ತದೆ. ಜೊತೆಗೆ ಕೆಲವು ಸೆಕೆಂಡು ಅಲ್ಲಾಡದೆ ಕೂರಬೇಕು.

ನನ್ನ ಮೇಲೇ ಪರೀಕ್ಷೆ ಮಾಡಿದೆ. ಕಿಟಕಿ ಪಕ್ಕ ಕುರ್ಚಿ ಹಾಕಿ, ಶಟರ್ ತೆರೆದಿಟ್ಟು, ಆರು ಸೆಕೆಂಡು ಉಸಿರು ಬಿಗಿಹಿಡಿದು ಕೂತೆ. ಕಂಪ್ಯೂಟರಿನಲ್ಲಿ ಕೆಂಪು, ಹಸಿರು ಚಾನೆಲ್ ಬಿಟ್ಟು, ನೀಲಿಯನ್ನಷ್ಟೇ ಕಪ್ಪು-ಬಿಳುಪು ಮಾಡಿದೆ. ಅಮ್ಮನಿಗೆ ಕಳಿಸಿದರೆ, "ಯಾಕೋ, ಯಾರ ಹತ್ರ ಜಗಳ ಆಡ್ಕೊಂಡೆ?" ಅಂದರು. 'ಉರಿಗಣ್ಣು' ಅಳಿಸಿದೆ.

ಹಳೆಯ ಅಡಿಬರಹಗಳನ್ನೂ ಸುಮ್ನೆ ನಂಬಬಾರದು. ಇನ್ನೊಬ್ಬ ಫೋಟೋಗ್ರಾಫರ್ ಎಡ್ವರ್ಡ್ ಮೈಬ್ರಿಜ್ 'ಯುದ್ಧಕ್ಕೆ ಹೊರಟ ಮೋಡಾಕ್ ವೀರ' ಅಂತ ಮಾರಿದ ಚಿತ್ರದಲ್ಲಿರುವುದು ಸೈನ್ಯದ ಪರ ಇದ್ದ ವಾರ್ಮ್ ಸ್ಪ್ರಿಂಗ್ಸ್ ಎಂಬ ಬೇರೆ ಬುಡಕಟ್ಟಿನ ಬೇಹುಗಾರ! ಹೆಲ್ಲರ್‌ನ ಚಿತ್ರ ಅಂಟಿಸಿ ಮಾರಿದ ಕಾರ್ಡುಗಳಲ್ಲಿ, ಇವರು ನಿಜವಾದ ಕೈದಿಗಳೇ ಎಂಬ ಸೇನಾಧಿಕಾರಿಗಳ ದೃಢೀಕರಣವೂ ಅಚ್ಚಾಗಿದೆ. ಸರಕು ಅಸಲಿ ಅಂತ ಮುದ್ರೆ ಹಾಕಿದಂತೆ, ಅಲ್ವಾ?

ಜಾಸ್ತಿ ಹೊತ್ತು ಹಿಡಿದದ್ದು ಟೋಬಿ ರಿಡಲ್ ಚಿತ್ರ. ಮೈಬ್ರಿಜ್ ತೆಗೆದದ್ದು. ಒಂದು ಬದಿಗೆ ಬಿಳಿಯ ಗಂಡ ಫ್ರಾಂಕ್, ಇನ್ನೊಂದು ಬದಿಗೆ ಒಬ್ಬ ಅಧಿಕಾರಿ, ಮುಂದೆ ನಾಲ್ವರು ಮೋಡಾಕ್ ಹೆಂಗಸರು. ನಡುವೆ ನಿಂತ ಟೋಬಿಯೂ ಮೋಡಾಕ್. ಸೈನ್ಯ ಮತ್ತು ಮೋಡಾಕರ ನಡುವಿನ ಸಂಧಾನದಲ್ಲಿ ಗಂಡ-ಹೆಂಡತಿ ಇಬ್ಬರೂ ದುಭಾಷಿಗಳು. ಕೊಲೆಯ ಸಂಚಿದೆ ಎಂದು ಆಕೆ ಮೊದಲೇ ಎಚ್ಚರಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1873ರ ಏಪ್ರಿಲ್ 11ರಂದು ಸಂಧಾನಕ್ಕೆ ಬಂದಿದ್ದ ಸೈನ್ಯದ ಜನರಲ್ ಕ್ಯಾನ್ಬಿಯನ್ನು ಜ್ಯಾಕ್ ಮತ್ತು ಸಂಗಡಿಗರು ಕೊಂದರು. ಜುಲೈನಲ್ಲಿ ಫೋರ್ಟ್ ಕ್ಲಾಮತ್‌ನಲ್ಲಿ ವಿಚಾರಣೆ. ಆರೋಪಿಗಳಿಗೆ ವಕೀಲರಿಲ್ಲ. ಅವರ ಮಾತು ಅನುವಾದಿಸಿದ್ದು ರಿಡಲ್ ದಂಪತಿ. ಆರೋಪಿಗಳ ವಿರುದ್ಧ ಸಾಕ್ಷಿ ಹೇಳಿದ್ದೂ ಈ ದಂಪತಿಯೇ. ಅಕ್ಟೋಬರ್ 3ರಂದು ಜ್ಯಾಕ್ ಸೇರಿ ನಾಲ್ವರನ್ನು ಗಲ್ಲಿಗೇರಿಸಿದರು.

'ಫ್ರಾಂಕ್‌ನ ಹೆಂಡತಿ' ಅಂತ ಬರೆದು ಹೊಡೆದು ಹಾಕಿದೆ. 'ದುಭಾಷಿ' ಅಂತಷ್ಟೇ ಬರೆದರೂ ಅರ್ಧ ಅನಿಸಿತು. ಕೊನೆಗೆ ಉಳಿಸಿದ್ದು: ಟೋಬಿ ರಿಡಲ್, ದುಭಾಷಿ, ಸಾಕ್ಷಿ.