ನಮ್ಮ ಗೋಡೆಗೆ ಹೊಸಬರು ಸೇರುವಾಗ

ಚಕ್ರದ ಸ್ಕೇಟ್ ಕಟ್ಟಿಕೊಂಡು ರೋಲರ್ ಡರ್ಬಿ ಆಡುವ ನಮ್ಮ ಪುಟ್ಟ ತಂಡ ಭಾನುವಾರ ಬೆಳಿಗ್ಗೆ ಆರೂವರೆಗೆ ಮೈಸೂರಿನ ಕುವೆಂಪುನಗರದ ಶಾಲೆಯೊಂದರ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸೇರುತ್ತದೆ. ಹೊಸದಾಗಿ ಬರುವ ಹುಡುಗಿಯರನ್ನು ತಂಡಕ್ಕೆ ಒಗ್ಗಿಸುವ ಹೊಣೆ ನಾಲ್ಕು ವರ್ಷಗಳಿಂದ ನನ್ನದಾಗಿದೆ. ಹೆಸರು, ಊರು, ಓದು ತಿಳಿದ ಮಾತ್ರಕ್ಕೆ ಈ ಆಟದಲ್ಲಿ ಪರಿಚಯವಾದಂತಲ್ಲ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಪಕ್ಕದಲ್ಲಿ ನಿಂತವಳನ್ನು ನೋಡದೆಯೇ, ಅವಳ ದನಿಯಿಂದ, ಸೊಂಟದ ಒತ್ತಡದಿಂದ, ಉಸಿರಿನ ಏರಿಳಿತದಿಂದ ಗುರುತಿಸಲು ಬಂದಾಗಲೇ ಅವಳು ನಮ್ಮವಳಾದಳು ಎಂದು ನಾನು ಈಗ ನಂಬುತ್ತೇನೆ.

ಆಟ ಗೊತ್ತಿಲ್ಲದವರಿಗೆ ಇದು ಅತಿಶಯದ ಮಾತೆನಿಸಬಹುದು. ಅಂಡಾಕಾರದ ಹಾದಿಗೆ ಪ್ರತಿ ತಂಡದಿಂದ ಐವರು ಇಳಿಯುತ್ತಾರೆ. ಹೆಲ್ಮೆಟ್ಟಿನ ಮೇಲೆ ನಕ್ಷತ್ರದ ಗುರುತು ಧರಿಸಿದವಳು ಜ್ಯಾಮರ್; ಉಳಿದ ನಾಲ್ವರು ಬ್ಲಾಕರ್‌ಗಳು, ಅವರಲ್ಲಿ ಪಟ್ಟೆಯ ಗುರುತು ಇರುವವಳು ಪಿವಟ್. ಗುಂಪನ್ನು ಒಮ್ಮೆ ಸೀಳಿಕೊಂಡು ಹೊರಬಿದ್ದ ಜ್ಯಾಮರ್, ಮುಂದಿನ ಪ್ರತಿ ಸುತ್ತಿನಲ್ಲಿ ತಾನು ದಾಟಿದ ಒಬ್ಬೊಬ್ಬ ಎದುರಾಳಿ ಬ್ಲಾಕರ್‌ಗೆ ಒಂದೊಂದು ಅಂಕ ಗಳಿಸುತ್ತಾಳೆ. ಗರಿಷ್ಠ ಎರಡು ನಿಮಿಷ ನಡೆಯುವ ಇಂಥ ಒಂದೊಂದು ಸರದಿಯನ್ನು ಜ್ಯಾಮ್ ಎನ್ನುತ್ತಾರೆ. ಎದುರಾಳಿ ಜ್ಯಾಮರ್ ಅನ್ನು ತಡೆಯಲು ನಾವು ಕಟ್ಟುವುದೇ ಗೋಡೆ. ಇಬ್ಬರು ಜ್ಯಾಮರ್‌ಗೆ ಬೆನ್ನುಕೊಟ್ಟು ಸೊಂಟಕ್ಕೆ ಸೊಂಟ ಕೂಡಿಸಿ ತಗ್ಗಿ ನಿಲ್ಲುತ್ತಾರೆ. ಮೂರನೆಯವಳು ಅವರಿಗೆ ಎದುರಾಗಿ ನಿಂತು ಹೆಗಲು ಹಿಡಿದು ಆನಿಸಿಕೊಳ್ಳುತ್ತಾಳೆ. ಅವಳನ್ನು ಬ್ರೇಸ್ ಎನ್ನುತ್ತೇವೆ. ಹಿಂದಿನಿಂದ ನುಗ್ಗಿ ಬರುವವಳು ಕಾಣಿಸುವುದು ಬ್ರೇಸ್‌ಗೆ ಮಾತ್ರ. ಉಳಿದಿಬ್ಬರು ಅವಳ ಮಾತನ್ನು ನಂಬಿ ಅರೆಕ್ಷಣದಲ್ಲಿ ಎಡಕ್ಕೋ ಬಲಕ್ಕೋ ಸರಿಯಬೇಕು, ಅದೂ ಚಕ್ರದ ಮೇಲೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಹೊಸಬರು ಬಂದ ದಿನ ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿ, ಒಬ್ಬೊಬ್ಬರಾಗಿ ತಮ್ಮ ಬಗ್ಗೆ ಹೇಳಿಕೊಳ್ಳುವಂತೆ ಮಾಡುತ್ತಿದ್ದೆ. ಶಾಲೆಯ ದಿನಗಳಿಂದ ಸ್ಪೀಡ್ ಸ್ಕೇಟಿಂಗ್ ಮಾಡಿದ್ದ, ಒಳ್ಳೆಯ ಕಾಲಿನ ಒಬ್ಬ ಹುಡುಗಿ ಹಾಗೆ ತನ್ನ ಬಗ್ಗೆ ಚೊಕ್ಕವಾಗಿ ಹೇಳಿ ಎಲ್ಲರಿಂದಲೂ ಚಪ್ಪಾಳೆ ಗಿಟ್ಟಿಸಿದಳು. ಅಭ್ಯಾಸ ಶುರುವಾದ ಮೇಲೆ ಮಾತ್ರ ಹಳಬರೆಲ್ಲ ತಮ್ಮ ತಮ್ಮ ಜೋಡಿಯನ್ನು ಹುಡುಕಿಕೊಂಡರು. ಅವಳು ಪ್ರತಿ ಸಲವೂ ಗೋಡೆಯ ಹೊರಗೆ ಉಳಿದಳು. ನಾಲ್ಕನೆಯ ವಾರ ಅವಳು ಬರಲಿಲ್ಲ. ಫೋನ್ ಮಾಡಿದಾಗ ಅವಳು ಹೇಳಿದ್ದು ಇಷ್ಟೇ: “ಅಕ್ಕ, ಮೂರು ವಾರದಿಂದ ನನ್ನನ್ನ ಯಾರೂ ಹೆಸರು ಹಿಡಿದು ಕರೀಲಿಲ್ಲ. ಎಲ್ಲರೂ ‘ಏ ಹೊಸಬಳೇ’ ಅಂತಲೇ ಕರೆದರು.” ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅವಳು ಮರಳಿ ಬರಲಿಲ್ಲ, ಅದರ ಹೊಣೆ ನನ್ನದೇ.

ಆ ಬಳಿಕ ವೃತ್ತದಲ್ಲಿ ಕೂರಿಸುವುದನ್ನು ಬಿಟ್ಟೆ. ಈಗ ಹೊಸಬಳು ಬಂದ ಮೊದಲ ದಿನ ನಾವು ಅವಳೊಂದಿಗೆ ಮಾಡುವುದು ಒಂದೇ ಕೆಲಸ, ಬೀಳುವುದು. ಅವಳೊಬ್ಬಳೇ ಬೀಳುವುದಿಲ್ಲ, ಹಳಬರೂ ಪಕ್ಕದಲ್ಲಿ ಬೀಳುತ್ತಾರೆ. ಮಂಡಿಯ ಪ್ಯಾಡ್ ಮೇಲೆ ಒಂದು ಕಾಲಿನಲ್ಲಿ, ಆಮೇಲೆ ಎರಡೂ ಕಾಲಿನಲ್ಲಿ, ಬಿದ್ದೊಡನೆ ಕೈಕಾಲು ಒಳಕ್ಕೆಳೆದುಕೊಂಡು, ಬೆರಳನ್ನು ಮುಷ್ಟಿಯೊಳಗೆ ಮಡಚಿ. ಹಿಂದಿನಿಂದ ಬರುವವಳ ಚಕ್ರ ಬೆರಳಿನ ಮೇಲೆ ಹರಿಯಬಾರದೆಂಬುದೇ ಇದರ ಕಾರಣ. ಬಿದ್ದವಳು ಏಳುವಾಗ ಮೊದಲು ಯಾರತ್ತ ನೋಡುತ್ತಾಳೆ ಎಂಬುದನ್ನು ನಾನು ಗಮನಿಸುತ್ತೇನೆ. ಕೆಲವರು ನೆಲ ನೋಡುತ್ತಾರೆ, ಕೆಲವರು ಗೇಟಿನ ಬಳಿ ಕುಳಿತ ಅಮ್ಮನನ್ನು ನೋಡುತ್ತಾರೆ, ಅಪರೂಪಕ್ಕೆ ಒಬ್ಬಳು ಪಕ್ಕದಲ್ಲಿ ಬಿದ್ದವಳನ್ನು ನೋಡುತ್ತಾಳೆ. ಹತ್ತು ಪ್ರಶ್ನೆ ಕೇಳಿದರೂ ತಿಳಿಯದ ಸಂಗತಿ ಆ ಒಂದು ನೋಟದಲ್ಲಿ ನನಗೆ ಸಿಗುತ್ತದೆ. ಮುಂದಿನ ವಾರಗಳಲ್ಲಿ ಅವಳಿಗೆ ಯಾರನ್ನು ಜೋಡಿ ಮಾಡಬೇಕೆಂದು ನಾನು ತೀರ್ಮಾನಿಸುವುದೂ ಅದರಿಂದಲೇ.

ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಕಡೆಯಿಂದ ಒಬ್ಬ ಹುಡುಗಿ ಬಂದದ್ದು ನಮ್ಮ ತಂಡದ ಪಾಲಿಗೆ ದೊಡ್ಡ ಪಾಠವಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಆಡಿದ ಬಿ. ಚೈತ್ರಾ ಅವರ ಊರು ಕುರುಬೂರು. ಆ ಸೀಮೆಯ ಮಕ್ಕಳಿಗೆ ಖೋ-ಖೋ ಹೊಸದೇನಲ್ಲ. ಈ ಹುಡುಗಿಯೂ ಅದನ್ನೇ ಆಡಿ ಬೆಳೆದವಳು, ಸ್ಕೇಟ್ ಕಟ್ಟಿದ್ದು ನಮ್ಮಲ್ಲೇ ಮೊದಲು. ಮೊದಲ ದಿನ ಬೀಳು ಎಂದಾಗ, ಓಡುವವಳ ಹಿಮ್ಮಡಿ ಮುಟ್ಟಲು ಡೈವ್ ಹೊಡೆಯುವಂತೆ ಎರಡೂ ಕೈ ಚಾಚಿ ಮುಂದಕ್ಕೆ ಬಿದ್ದಳು. ಕಾಂಕ್ರೀಟಿನ ಮೇಲೆ ಅವಳ ಹತ್ತೂ ಬೆರಳು ಅರಳಿಕೊಂಡಿದ್ದವು, ಹಿಂದಿದ್ದವಳ ಚಕ್ರ ಅವುಗಳಿಂದ ಗೇಣು ದೂರದಲ್ಲಿ ಸರಿದುಹೋಯಿತು. ವರ್ಷಗಟ್ಟಲೆ ಮೈಗೂಡಿದ ಆ ಚಾಚುವ ಅಭ್ಯಾಸ ಬಿಡಿಸಲು ಐದಾರು ವಾರ ಹಿಡಿಯಿತು. ಪ್ರತಿ ಸಲ ಬೀಳುವಾಗಲೂ ಅವಳ ಜೋಡಿಯವಳು “ಬೆರಳು!” ಎಂದು ಕೂಗುತ್ತಿದ್ದಳು.

ಆದರೆ ಮೂರು ತಿಂಗಳ ಮೇಲೆ ಅವಳನ್ನು ಬ್ರೇಸ್ ಮಾಡಿ ನಿಲ್ಲಿಸಿದ ದಿನ ನಡೆದದ್ದು ಬೇರೆ. ಅಲ್ಲಿಯವರೆಗೆ ನಮ್ಮ ಬ್ರೇಸ್‌ಗಳು “ಎಡಕ್ಕೆ”, “ಬಲಕ್ಕೆ” ಎಂದು ಕೂಗುತ್ತಿದ್ದರು. ಎದುರುಬದುರು ನಿಂತಾಗ ಯಾರ ಎಡ, ಯಾರ ಬಲ ಎಂಬ ಗೊಂದಲದಲ್ಲೇ ಜ್ಯಾಮರ್ ನುಸುಳಿಬಿಡುತ್ತಿದ್ದಳು. ಈ ಹುಡುಗಿ ಜ್ಯಾಮರ್ ಬರುತ್ತಿದ್ದ ಪಕ್ಕದವಳ ಹೆಗಲನ್ನು ಅಂಗೈಯಿಂದ ಗಟ್ಟಿಯಾಗಿ ತಟ್ಟಿ, ತನಗೇ ಅರಿವಿಲ್ಲದೆ “ಖೋ!” ಎಂದಳು. ತಟ್ಟಿಸಿಕೊಂಡವಳು ಯೋಚಿಸದೆ ಅತ್ತ ಸರಿದಳು, ದಾರಿ ಮುಚ್ಚಿತು. ಎಲ್ಲರೂ ನಿಂತುಬಿಟ್ಟೆವು. ಕೇಳಿದ್ದಕ್ಕೆ ಅವಳು ಸಂಕೋಚದಿಂದ, “ಅಲ್ಲೂ ಹಿಂಗೇ ಕಣಕ್ಕ, ಪಕ್ಕದೋಳು ಆ ಕಡೆ ಮಖ ಮಾಡ್ಕೊಂಡು ಕೂತಿರ್ತಾಳೆ. ಮುಟ್ಟಿ ಕೂಗಿದ್ರೆ ತಾನೆ ಎದ್ದೇಳೋದು?” ಎಂದಳು. ಖೋ-ಖೋದಲ್ಲಿ ಸಾಲಾಗಿ ಕೂರುವ ಎಂಟು ಮಂದಿಯಲ್ಲಿ ಅಕ್ಕಪಕ್ಕದವರ ಮುಖ ಒಂದೇ ಕಡೆಗೆ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು; ಅದಕ್ಕೂ ನಮ್ಮ ಗೋಡೆಗೂ ಇರುವ ನಂಟು ಮಾತ್ರ ಹೊಳೆದಿರಲಿಲ್ಲ. ಅಂದಿನಿಂದ ನಮ್ಮ ತಂಡದಲ್ಲಿ ಎಡಬಲದ ಕೂಗು ನಿಂತಿದೆ. ಹೊಸಬಳು ಹಳಬರಿಂದ ಕಲಿಯುವುದಷ್ಟೇ ಅಲ್ಲ, ಅವಳು ತಂದ ಆಟವೂ ನಮಗೆ ಬೇಕು ಎಂದು ಹೇಳಲು ಈಗ ನನ್ನ ಬಳಿ ಒಂದು ನಿಜವಾದ ಉದಾಹರಣೆಯಿದೆ.

ಮುಟ್ಟುವ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸೊಂಟಕ್ಕೆ ಸೊಂಟ ತಾಗಿಸಿ ನಿಲ್ಲಲು ಎಷ್ಟೋ ಹುಡುಗಿಯರು ಹಿಂಜರಿಯುತ್ತಾರೆ, ಅದು ಸಹಜ. ಆದ್ದರಿಂದ ಮೊದಲ ಎರಡು ವಾರ ಹೆಗಲಿನ ಮೇಲೆ ಕೈಯಷ್ಟೇ, ಪ್ರತಿ ಸಲವೂ ಹಳಬಳು “ಕೈ ಇಡಲಾ?” ಎಂದು ಕೇಳಬೇಕು, ಬೇಡ ಎಂದರೆ ಕಾರಣ ಕೇಳಬಾರದು. ನಿಯಮದ ಪ್ರಕಾರ ಎದುರಾಳಿಯ ಬೆನ್ನಿಗೆ, ತಲೆಗೆ ಡಿಕ್ಕಿ ಹೊಡೆಯುವಂತಿಲ್ಲ, ಮೊಣಕೈಯಿಂದ ತಿವಿಯುವಂತಿಲ್ಲ, ತಪ್ಪಿದರೆ ಮೂವತ್ತು ಸೆಕೆಂಡು ಹೊರಗೆ ಕೂರಬೇಕು ಎಂಬುದನ್ನು ತಾಯಂದಿರಿಗೂ ಮೊದಲೇ ವಿವರಿಸುತ್ತೇನೆ.

ಹಳೆಯ ಪೆಟ್ಟು, ಉಬ್ಬಸ, ಮೂರ್ಛೆ, ಔಷಧಿಗಳ ಬಗ್ಗೆ ಎಲ್ಲರೆದುರು ನಾನು ಕೇಳುವುದಿಲ್ಲ. ಸ್ಕೇಟಿನ ದಾರ ಕಟ್ಟಿಕೊಳ್ಳುವ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ಕೇಳಿ, ಮನೆಯವರ ಫೋನ್ ನಂಬರಿನೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹೆಗಲಿನ ಕೀಲು ಒಮ್ಮೆ ತಪ್ಪಿದ್ದನ್ನು ಒಬ್ಬಳು ಮುಚ್ಚಿಟ್ಟಿದ್ದಳು. ಗೊತ್ತಾದರೆ ತಂಡದಿಂದ ಕೈಬಿಡುತ್ತಾರೆಂಬ ಭಯ ಅವಳಿಗಿತ್ತು. ಕೈಬಿಡಲಿಲ್ಲ, ಗೋಡೆಯಲ್ಲಿ ಅವಳ ಸ್ಥಾನವನ್ನು ಬಲದಿಂದ ಎಡಕ್ಕೆ ಬದಲಿಸಿದೆವು.

ಈ ಆಟದಲ್ಲಿ ಆಟಗಾರ್ತಿಯರು ಅಡ್ಡಹೆಸರಿಟ್ಟುಕೊಳ್ಳುವ ಪದ್ಧತಿ ಜಗತ್ತಿನೆಲ್ಲೆಡೆ ಇದೆ. ಆ ಹೆಸರನ್ನು ನಾವು ಮೊದಲ ದಿನ ಇಡುವುದಿಲ್ಲ, ತಿಂಗಳು ತುಂಬಿದ ಮೇಲೆ ಗೋಡೆಯಲ್ಲಿ ಜೊತೆಗೆ ನಿಂತವರೇ ಸೂಚಿಸಬೇಕು, ಅವಳು ಒಪ್ಪಬೇಕು. ಹೆಸರು ಒಂದೇ ಉಸಿರಿನಲ್ಲಿ ಕೂಗುವಂತಿರಬೇಕು ಎಂಬುದೊಂದೇ ಷರತ್ತು. ಅಲ್ಲಿಯವರೆಗೆ ಮನೆಯಲ್ಲಿ ಕರೆಯುವ ಹೆಸರನ್ನೇ ಟೇಪಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಹೆಲ್ಮೆಟ್ಟಿನ ಹಿಂಬದಿಗೆ ಅಂಟಿಸುತ್ತೇವೆ, ಹಳಬರೂ ಹಾಗೆಯೇ ಅಂಟಿಸಿಕೊಳ್ಳುತ್ತಾರೆ. ‘ಹೊಸಬಳು’ ಎಂಬ ಪದ ನಮ್ಮ ಅಂಗಳದಲ್ಲಿ ಈಗ ಯಾರ ಬಾಯಿಂದಲೂ ಬರುವುದಿಲ್ಲ.

ಜಾಗದ ಕೊರತೆ ನಮಗೆ ಇದ್ದೇ ಇದೆ. ಸುತ್ತಲಿನ ತೆರವೂ ಸೇರಿ ಈ ಆಟಕ್ಕೆ 108 ಅಡಿ ಉದ್ದ, 75 ಅಡಿ ಅಗಲ ಬೇಕು. ಬಾಸ್ಕೆಟ್‌ಬಾಲ್ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ ಮಾತ್ರ. ಹೀಗಾಗಿ ಸೀಮೆಸುಣ್ಣದಲ್ಲಿ ಒಂದು ತಿರುವು, ಒಂದು ನೇರ ಹಾದಿಯಷ್ಟನ್ನೇ ಬರೆದುಕೊಳ್ಳುತ್ತೇವೆ. ಇಕ್ಕಟ್ಟಿನಿಂದ ಆದ ಒಳ್ಳೆಯದೆಂದರೆ, ಯಾರೂ ಯಾರಿಂದಲೂ ದೂರ ನಿಲ್ಲಲಾಗುವುದಿಲ್ಲ.

ಈ ತಿಂಗಳು ಮೂವರು ಬಂದಿದ್ದಾರೆ. ಮಂಡ್ಯದಿಂದ ಬೆಳಗಿನ ರೈಲಿಗೆ ಬರುವ ಒಬ್ಬಳು ಇಷ್ಟು ದಿನ ಇನ್‌ಲೈನ್ ಸ್ಕೇಟ್ ಮೇಲೆ ಓಡಿದವಳು, ನಮ್ಮ ಮುಂದೆರಡು ಹಿಂದೆರಡು ಚಕ್ರದ ಕ್ವಾಡ್ ಮೇಲೆ ಅವಳ ಭಾರ ಇನ್ನೂ ಹಿಮ್ಮಡಿಗೆ ಬೀಳುತ್ತಿದೆ. ಮೊನ್ನೆ ಬಿದ್ದು ಏಳುವಾಗ ಅವಳು ನೋಡಿದ್ದು ಕುರುಬೂರಿನವಳತ್ತ. ಬರುವ ಭಾನುವಾರದಿಂದ ಅವರಿಬ್ಬರನ್ನೂ ಒಂದೇ ಗೋಡೆಯಲ್ಲಿ ನಿಲ್ಲಿಸುತ್ತಿದ್ದೇನೆ.