ದೇಹವೇ ಮಾತಾಡುವಾಗ ಬೆಳಕು ಎಲ್ಲಿರಬೇಕು?

ನಾಟಕದಲ್ಲಿ ಮಾತು ಕೇಳಿಸಿ ಮುಖ ಕಂಡರೆ ಬಹುಪಾಲು ಕೆಲಸ ಆಯಿತು. ದೇಹವನ್ನೇ ನೆಚ್ಚಿಕೊಂಡ ಪ್ರದರ್ಶನದಲ್ಲಿ ಹಾಗಲ್ಲ. ಅಲ್ಲಿ ಬೆನ್ನು ಮಾತಾಡುತ್ತದೆ, ಹಿಮ್ಮಡಿ ಮಾತಾಡುತ್ತದೆ, ಉಸಿರಿಗೆ ಏರಿಳಿಯುವ ಪಕ್ಕೆಲುಬೂ ಮಾತಾಡುತ್ತದೆ. ಎದುರಿಗೆ ಎರಡು ದೊಡ್ಡ ಲೈಟು ಹಾಕಿಬಿಟ್ಟರೆ ಇದೆಲ್ಲ ಚಪ್ಪಟೆಯಾಗುತ್ತದೆ. ತಿಂಗಳುಗಟ್ಟಲೆ ಮಾಡಿದ ತಾಲೀಮು ಹೀಗೆ ಹಾಳಾಗುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ತಾಲೀಮು ನೋಡಿ. ಲೈಟು ಆಮೇಲೆ. ಯಾವ ಗಳಿಗೆಯಲ್ಲಿ ದೇಹದ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ಬರೆದುಕೊಳ್ಳಿ. ‘ಇಲ್ಲಿ ಹೆಗಲು, ಇಲ್ಲಿ ಅಂಗೈ’ ಅಂತ ಇಷ್ಟೇ ಸಾಕು.

ಆಮೇಲೆ ಕೋಣೆ ಪೂರ್ತಿ ಕತ್ತಲು ಮಾಡಿ. ಕಲಾವಿದರೊಬ್ಬರನ್ನು ಅಲುಗಾಡದೆ ನಿಲ್ಲಲು ಹೇಳಿ, ಒಂದೇ ಒಂದು ದೀಪ ಹಿಡಿದು ಸುತ್ತ ನಡೆಯಿರಿ. ಎದುರಿನಿಂದ ಬಂದ ಬೆಳಕು ಉಬ್ಬುತಗ್ಗುಗಳನ್ನು ಅಳಿಸುತ್ತದೆ. ತಲೆಯ ಮೇಲಿಂದ ಬಿದ್ದರೆ ಕಣ್ಣುಗುಳಿ ಕಪ್ಪಾಗಿ, ಕೊರಳೆಲುಬು ಎದ್ದು ಕಾಣುತ್ತದೆ. ಆ ದೇಹ ಒಂಟಿ ಅನಿಸುತ್ತದೆ. ಹಿಂದಿನಿಂದ ಬಂದರೆ ಉಳಿಯುವುದು ಅಂಚು ಮಾತ್ರ. ಕೆಳಗಿನಿಂದ ಬಂದರೆ ಪರಿಚಿತ ಮುಖವೂ ಅಪರಿಚಿತ. ಈ ಒಂದು ಗಂಟೆ ಕಲಿಸುವಷ್ಟನ್ನು ಯಾವ ನಕ್ಷೆಯೂ ಕಲಿಸುವುದಿಲ್ಲ. ದಯವಿಟ್ಟು ಇದನ್ನು ಬಿಡಬೇಡಿ.

ಪಕ್ಕದ ಬೆಳಕೇ ಬೆನ್ನೆಲುಬು. ಅಮೆರಿಕದ ಬೆಳಕಿನ ವಿನ್ಯಾಸಕಿ ಜೀನ್ ರೋಸೆಂತಾಲ್ (1912–1969) ಆಧುನಿಕ ನೃತ್ಯದ ಕಲಾವಿದೆ ಮಾರ್ಥಾ ಗ್ರಹಾಂ ಅವರ ನೃತ್ಯಗಳಿಗೆ ಬೆಳಕು ಕೊಟ್ಟವರು. ನೃತ್ಯಕ್ಕೆ ಪಕ್ಕದ ಬೆಳಕು ಬಳಸುವ ರೂಢಿ ಗಟ್ಟಿಯಾದದ್ದರಲ್ಲಿ ಅವರ ಪಾಲು ದೊಡ್ಡದು. ಪಕ್ಕದಿಂದ ಬಿದ್ದಾಗ ಪ್ರತಿ ಸ್ನಾಯುವಿಗೂ ಒಂದು ಬೆಳಗು, ಒಂದು ನೆರಳು ಸಿಗುತ್ತದೆ.

ರಂಗದ ಬದಿಯಲ್ಲಿ ನೆಟ್ಟಗಿನ ಕಂಬ ನಿಲ್ಲಿಸಿ, ಮೂರು ಎತ್ತರದಲ್ಲಿ ಲೈಟು ಕಟ್ಟಿ: ಮೊಣಕಾಲಿನ ಕೆಳಗೆ, ಸೊಂಟದ ಮಟ್ಟ, ತಲೆಯ ಮಟ್ಟ. ಕೆಳಗಿನದು ನನಗೆ ಬಹಳ ಇಷ್ಟ. ಅದರ ಬೆಳಕಿನ ಕೆಳ ಅಂಚು ನೆಲಕ್ಕೆ ತಾಗದ ಹಾಗೆ ಕತ್ತರಿಸಿದರೆ ನೆಲ ಕತ್ತಲಲ್ಲೇ ಉಳಿಯುತ್ತದೆ, ದೇಹ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಎರಡೂ ಬದಿಯಿಂದ ಸಮನಾಗಿ ಬಿಟ್ಟರೆ ಮೈ ನಡುವೆ ಒಂದು ಕಪ್ಪು ಗೀಟು ಬರುತ್ತದೆ. ಅದು ಬೇಡವಾದರೆ ಎದುರಿನಿಂದ ತೀರಾ ಮಂದವಾದ ಬೆಳಕು ಸೇರಿಸಿ. ಇಲ್ಲವೇ ಒಂದು ಬದಿಯನ್ನು ಇಳಿಸಿ.

ದೂರವನ್ನು ಲೆಕ್ಕ ಹಾಕಿ. ದೀಪದಿಂದ ದೂರ ಎರಡರಷ್ಟಾದರೆ ಮೈ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 1 ಮೀಟರ್ ದೂರದಲ್ಲಿ ನಿಂತವರು ಇನ್ನೊಂದು ಮೀಟರ್ ಹಿಂದೆ ಸರಿದರೆ ಸಾಕು, ಕತ್ತಲಿಗೆ ಜಾರಿದಂತಾಗುತ್ತದೆ. 8 ಮೀಟರ್ ದೂರದ ಲೈಟಿಗೆ ಅದೇ ಒಂದು ಮೀಟರ್ ಅಷ್ಟೇನೂ ಗೊತ್ತಾಗುವುದಿಲ್ಲ. ಒಂದೇ ಜಾಗದಲ್ಲಿ ನಡೆಯುವ ನಿಧಾನದ ಕೃತಿಗೆ ಹತ್ತಿರದ ದೀಪ, ಓಡಾಟ ಜಾಸ್ತಿ ಇದ್ದರೆ ದೂರದ್ದು.

ಬಣ್ಣದಲ್ಲಿ ಕೈ ಬಿಗಿ ಇರಲಿ. 1892ರಲ್ಲಿ ನರ್ತಕಿ ಲೋಯಿ ಫುಲ್ಲರ್ ಪ್ಯಾರಿಸ್‌ನಲ್ಲಿ ಬಣ್ಣದ ಬೆಳಕಿನಿಂದ ಜನರನ್ನು ಬೆರಗಾಗಿಸಿದರು, ನಿಜ. ಆದರೆ ಆ ಬಣ್ಣ ಬಿದ್ದದ್ದು ಬೀಸುವ ರೇಷ್ಮೆಯ ಮೇಲೆ. ಚರ್ಮದ ಮಾತೇ ಬೇರೆ. ಗಾಢ ಹಸಿರು ಅದನ್ನು ರೋಗಿಷ್ಟ ಮಾಡುತ್ತದೆ, ಗಾಢ ಕೆಂಪು ಮೈಯ ವಿವರ ನುಂಗುತ್ತದೆ. 3200 ಕೆಲ್ವಿನ್ನಿನ (ಬೆಳಕಿನ ಬಣ್ಣ ಅಳೆಯುವ ಮಾನ) ಬೆಚ್ಚನೆ ಬಿಳುಪು ಒಂದು ಬದಿ, 5600ರ ತಣ್ಣನೆ ಬಿಳುಪು ಇನ್ನೊಂದು ಬದಿ ಇಟ್ಟು ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕಪ್ಪು ಮೈಬಣ್ಣಕ್ಕೆ ಸುಮ್ನೆ ಬೆಳಕು ಏರಿಸಬೇಡಿ, ಕೋನ ಬದಲಿಸಿ. ಓರೆಯಾಗಿ ಹಿಂದಿನಿಂದ ಬಂದ ಬೆಳಕಿಗೆ ಚರ್ಮದ ಹೊಳಪೇ ಆಕಾರ ತೋರಿಸುತ್ತದೆ. ಬೆವರು ಬಂದ ಮೇಲೆ ಇನ್ನೂ ಚೆಂದ.

ಬದಲಾವಣೆ ನಿಧಾನವಾಗಲಿ. 5 ನಿಮಿಷದಲ್ಲಿ ಮೆಲ್ಲಗೆ ಇಳಿದ ಬೆಳಕು ಪ್ರೇಕ್ಷಕರ ಗಮನಕ್ಕೇ ಬರುವುದಿಲ್ಲ, ಕಣ್ಣು ಜೊತೆಜೊತೆಗೆ ಹೊಂದಿಕೊಳ್ಳುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಸುಮಾರು 20ರಿಂದ 30 ನಿಮಿಷ ಬೇಕು. ಹಾಗಾಗಿ ತೀರಾ ಮಂದ ಬೆಳಕಿನ ಭಾಗವನ್ನು ಶುರುವಿನಲ್ಲೇ ಇಡಬೇಡಿ.

ಕಲಾವಿದರ ಮೈಯನ್ನು ಕಾಪಾಡಿ. ದೇಹ ಸಮತೋಲನಕ್ಕೆ ಕಣ್ಣನ್ನೂ ನೆಚ್ಚಿಕೊಂಡಿರುತ್ತದೆ. ಒಂಟಿಕಾಲಲ್ಲಿ ನಿಂತಾಗ ದಿಢೀರನೆ ಬ್ಲ್ಯಾಕ್‌ಔಟ್ ಮಾಡಿದರೆ, ಅಂದರೆ ಎಲ್ಲ ಬೆಳಕು ಆರಿಸಿದರೆ, ಬೀಳಬಹುದು. ಪಕ್ಕದ ಲೈಟು ಕಣ್ಣಿಗೆ ಹೊಡೆದರೂ ಅಷ್ಟೇ. ಆದ್ದರಿಂದ ಅವರು ಇದೇ ಬೆಳಕಿನಲ್ಲಿ ಕನಿಷ್ಠ ಎರಡು ಪೂರ್ತಿ ತಾಲೀಮು ಮಾಡಬೇಕು. ಹ್ಯಾಲೊಜೆನ್ ದೀಪಗಳು ಮುಟ್ಟಿದರೆ ಸುಡುತ್ತವೆ, ಬರಿಮೈ ಹತ್ತಿರ ಬರುವ ಕಡೆ ಎಲ್‌ಇಡಿ ಹಾಕಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಬೆಳಕು ಕೆಲವರಲ್ಲಿ ಮೂರ್ಛೆ ತರಬಹುದು. ಅದು ಬೇಕೇ ಬೇಕು ಅಂದರೆ ಬಾಗಿಲಲ್ಲೇ ಎಚ್ಚರಿಕೆ ಬರೆದು ಹಾಕಿ. ಕತ್ತಲಲ್ಲಿ ಹೊಳೆಯುವ ಟೇಪಿನ ಚಿಕ್ಕ ತುಂಡುಗಳನ್ನು ಅಂಚಿನಲ್ಲಿ ಅಂಟಿಸಿ, ಕೊನೆಯ ಬೆಳಕು ಆರಿದ ಮೇಲೆ ಕಲಾವಿದರು ನಡೆದು ಹೊರಬರುವ ದಾರಿಗೆ.